ಮೊಮ್ಮಗಳ ಲೇಖನಕ್ಕೆ ನನ್ನ ಉಪ್ಪಿನಕಾಯಿ

ನಮ್ಮ ಮೊಮ್ಮಗಳ ಎದುರು ಬಾಯಿ ತಪ್ಪಿಯೂ "ಇವತ್ತು ಬಿಸಿಲು ಬಹಳ" ಅನ್ನಬೇಡಿ! ಅಂದಿರೋ, ಮುಗಿಯಿತು. "ಯಾವುದಕ್ಕಿಂತ ಬಾಳ? ನಿನ್ನಿಗಿಂತನೋ, ಹ್ವಾದ ವರ್ಷಕ್ಕಿಂತನೋ? ಎಷ್ಟು ದಿನ ನೋಡೀರಿ?" ಎಂದು ಹಿಡಿದುಕೊಳ್ಳುತ್ತಾಳೆ. ಮನೆಗೆ ಬಂದ ಬೀಗರು ಕುಡಿಯಲು ನೀರು ಕೇಳುವುದನ್ನೂ ಮರೆತು ಕೂತದ್ದುಂಟು.

ನಾನೋ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಂಡಿ ಊರಿನ ಮಾರುಕಟ್ಟೆಯಲ್ಲಿ ಲಿಂಬೆಕಾಯಿ ಆರಿಸುತ್ತ ಆರಿಸುತ್ತ ಮುದುಕಿಯಾದವಳು. ಅವಳು ಸಿಂದಗಿ ಹತ್ತಿರದ ಹಳ್ಳಿಯಲ್ಲಿ ಶಾಲೆಯ ಅಕ್ಕೋರು. ಅಲ್ಲಿನ ಹುಡುಗರು ಅಪ್ಪ-ಅವ್ವನ ಜೊತೆ ಲಿಂಬೆ ತೋಟಕ್ಕೆ ಹೋಗಿ, ಐದೈದು ಕಾಯಿ ಹಿಡಿದು ಇಡೀ ಚೀಲ ಎಣಿಸಿ ಬಾಯಲ್ಲೇ ಲೆಕ್ಕ ಹೇಳುತ್ತಾರಂತೆ. ಅದೇ ಲೆಕ್ಕ ಪಾಟಿಯ ಮೇಲೆ ಕೊಟ್ಟರೆ ತಪ್ಪು! ಎಲ್ಲರೂ ಅವರನ್ನು ದಡ್ಡರು ಅಂದರು. ಇವಳು ಅಲ್ಲ ಅಂದಳು. ಅಂದು ಸುಮ್ಮನಿದ್ದಳೇ? ಒಂದು ವರ್ಷ ನೋಡಿ, ಬರೆದಿಟ್ಟು, ಲೇಖನ ಮಾಡಿದಳು. ಶಿಕ್ಷಣದ ಸಂಶೋಧನೆ ಪತ್ರಿಕೆಯಲ್ಲಿ ಅದು ಬಂದರೆ ಆ ಹುಡುಗರನ್ನು ದಡ್ಡರು ಅನ್ನುವುದು ನಿಂತೀತು ಎಂಬ ಆಸೆ ಅವಳಿಗೆ.

"ಬರದಿದ್ದೆಲ್ಲಾ ಛಾಪಸ್ತಾರೇನವ್ವಾ?" ಎಂದೆ.

"ಇಲ್ಲ ಆಯಿ. ತಮ್ಮ ಪತ್ರಿಕಿಗೆ ಹೊಂದತೈತೋ ಇಲ್ಲೋ ಅಂತ ಮೊದಲ ಸಂಪಾದಕರು ನೋಡ್ತಾರ. ಹೊಂದಿದ್ರ, ಹೆಸರು ತಗದು ಇಬ್ಬರು ಬಲ್ಲವರಿಗೆ ಕಳಸ್ತಾರ. ಬರದಾಕಿ ಯಾರಂತ ಅವರಿಗೆ ಗೊತ್ತಿಲ್ಲ, ಓದಿದವರು ಯಾರಂತ ನನಗ ಗೊತ್ತಿಲ್ಲ."

"ಲಗ್ನದಾಗ ಅಂತರಪಟ ಹಿಡದಂಗ ಅನ್ನು!"

"ಹೌದು. ಆದರ ಈ ಪಟ ಕಡೀತನಕ ಸರಿಯಂಗಿಲ್ಲ."

ನನಗೆ ನಂಬಿಕೆ ಬರಲಿಲ್ಲ. ತಗೊಳ್ಳಿ, ನನ್ನ ಲಿಂಬೆ ಉಪ್ಪಿನಕಾಯಿಯನ್ನೇ ಎರಡು ಬಟ್ಟಲಿಗೆ ಹಾಕಿ, ಯಾರು ಹಾಕಿದ್ದು ಅನ್ನದೆ ಓಣಿಯ ಎರಡು ಮನೆಗೆ ಕೊಟ್ಟು ಬಂದಳು! ಒಂದು ಮನೆಯವರು "ಉಪ್ಪು ಕಡಿಮಿ" ಅಂದರು. ಇನ್ನೊಂದು ಮನೆಯವರು "ಉಪ್ಪೇ ಉಪ್ಪು" ಅಂದರು. ಒಂದೇ ಭರಣಿಯದು ನೋಡ್ರೀ!

"ಈಗೇನು ಮಾಡ್ತಾರ?" ಎಂದೆ.

"ಮೂರನೆಯವರಿಗೆ ಕಳಸ್ತಾರ."

ಮೂರನೆಯವರು ನಮ್ಮ ಯಜಮಾನರು. ಬಟ್ಟಲು ಖಾಲಿ ಮಾಡಿ, ಬೆರಳು ನೆಕ್ಕಿ, "ಮತ್ತೊಂದೀಟು ತಾ, ವಿಚಾರ ಮಾಡಿ ಹೇಳ್ತೇನಿ" ಅಂದರು.

ಮೊದಲ ಪತ್ರಿಕೆ ನಾಲ್ಕೇ ದಿನಕ್ಕೆ ಲೇಖನ ವಾಪಸ್ ಕಳಿಸಿತು. ಇವಳು ಪೇಢಾ ತಂದಳು!

"ಬ್ಯಾಡ ಅಂದ್ರ ಪೇಢಾ ಯಾಕ?"

"ಓದಿ ಬ್ಯಾಡ ಅಂದಿಲ್ಲ ಆಯಿ. ನಮ್ಮ ವಿಷಯ ಅಲ್ಲ ಅಂತ ಬಾಗಲದಾಗ ನಿಂತು ಹೇಳ್ಯಾರ. ವ್ಯಾಳ್ಯಾ ಉಳೀತು!"

ಎರಡನೆಯ ಪತ್ರಿಕೆಯದು ತಿಂಗಳುಗಟ್ಟಲೆ ಸುದ್ದಿಯಿಲ್ಲ. ನಮ್ಮ ಲಿಂಬೆ ಪೇಟೆಯಲ್ಲಿ ಕೊಳ್ಳುವವರು ಸುಮ್ಮನಾದರೆ ನಾಲ್ಕು ಮಾದರಿ ಕಾಯಿ ಕಳಿಸುತ್ತೇವೆ. ನಾನೂ ಒಂದು ಭರಣಿ ಉಪ್ಪಿನಕಾಯಿ ಕಟ್ಟಿದೆ. ಮೇಲೆ ಅವಳ ಹೆಸರು, ಊರು, ಜೊತೆಗೆ "ನಮ್ಮ ಹುಡುಗಿ ಲೇಖನ ಲಗೂ ನೋಡ್ರಿ" ಎಂಬ ಚೀಟಿ. ಸಂಪಾದಕರ ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಹೆಮ್ಮೆಯಿಂದ ಅವಳಿಗೆ ಫೋನು ಮಾಡಿದೆ. ಅಯ್ಯೋ, ಅವಳು ಕಿರುಚಿದ್ದು! ಬಸ್ಸು ಸಿಂದಗಿ ನಿಲ್ದಾಣ ಮುಟ್ಟುವಷ್ಟರಲ್ಲಿ ಅದರ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದಳಂತೆ.

"ಯಾಕ್ರಿ ಅಕ್ಕೋರ, ಗಾಡ್ಯಾಗ ಬಾಂಬ್ ಐತೇನ್ರಿ?" ಎಂದನಂತೆ ಕಂಡಕ್ಟರ್.

"ಲಂಚ ಐತ್ರಿ! ನಮ್ಮ ಆಯಿ ಕೈಯಾರೆ ಹಾಕಿದ್ದು!"

ಸಂಜೆ ಭರಣಿ ನನ್ನ ಮುಂದಿಟ್ಟಳು. "ಉಪ್ಪಿನಕಾಯಿ ತಿಂದು ಒಪ್ಪಿದ್ರು ಅಂತಾದ್ರ, ನನ್ನ ಹುಡುಗರ ಲೆಕ್ಕ ಯಾರು ನಂಬ್ತಾರ ಆಯಿ?" ನಾನು ಭರಣಿಯ ಮೇಲಿನ ಚೀಟಿ ಕಿತ್ತು ಒಲೆಗೆ ಹಾಕಿದೆ.

ಕೊನೆಗೂ ಉತ್ತರ ಬಂತು. ಓದಿದವರಲ್ಲಿ ಒಬ್ಬರಿಗೆ ಬಹಳ ಹಿಡಿಸಿತ್ತು. ಇನ್ನೊಬ್ಬರು ಮೂರು ಹಾಳೆ ತಕರಾರು ಬರೆದಿದ್ದರು. ಲಿಂಬೆ ಮುಟ್ಟದ ಮಕ್ಕಳನ್ನು ನೋಡದೆ ಬಾಯಿಲೆಕ್ಕ ಲಿಂಬೆ ಎಣಿಸಿಯೇ ಬಂತೆಂದು ಹೇಗೆ ಹೇಳುತ್ತೀರಿ, ಎಂದು. ಇವಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅರ್ಧ ದಿನಕ್ಕೆ ಎದ್ದು, "ಅವರು ಕೇಳಿದ್ದು ಖರೇ ಐತಿ ಆಯಿ" ಅಂದಳು. ತಪ್ಪು ತೋರಿಸಿದರೆ ಒಪ್ಪುವುದು! ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ರೋಗ ಇದು! ಸಿಕ್ಕ ರಜೆಯೆಲ್ಲ ಹಾಕಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಶಾಲೆಗಳಿಗೆ ಅಲೆದು ಲಿಂಬೆ ತೋಟ ಕಾಣದ ಮಕ್ಕಳ ಲೆಕ್ಕ ನೋಡಿಕೊಂಡು ಬಂದಳು. ಒಂದೊಂದು ತಕರಾರಿಗೂ ಉತ್ತರ ಬರೆದು ಕಳಿಸಿದಳು.

ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. "ಆಯಿ! ಒಪ್ಪಿದ್ರು!" ಎಂದು ಕೂಗಿಕೊಂಡು ಬಂದಳು. ಮೆಟ್ಟಿಲು ಹತ್ತಲು ಒಲ್ಲೆನ್ನುವ ನನ್ನ ಮೊಳಕಾಲು ಅವತ್ತು ಕುಣಿದವು! ಹಿಟ್ಟಿನ ಕೈಯಲ್ಲೇ ಓಣಿಗೆ ಓಡಿ, ಸಿಲಿಂಡರ್ ತಂದವನನ್ನೂ ಬಿಡದೆ ಹೇಳಿದೆ: "ನಮ್ಮ ಹುಡುಗರು ದಡ್ಡರಲ್ಲಪ್ಪಾ! ಛಾಪಸಾಕತ್ತಾರ!" ಪಾಪ, ಅವನು "ಛಲೋ ಆತ್ರಿ" ಎಂದು ಸಿಲಿಂಡರ್ ಇಳಿಸಿ ಹೋದ.

ಹೋದ ವಾರ ಅದೇ ಪತ್ರಿಕೆಯವರು ಇವಳಿಗೇ ಒಂದು ಲೇಖನ ಕಳಿಸಿದರು. ಹೆಸರಿಲ್ಲದ್ದು. ಓದಿ ಅಭಿಪ್ರಾಯ ಹೇಳಬೇಕಂತೆ.

"ಸೇಡು ತೀರಿಸ್ಕೊ! ನೀನೂ ಮೂರು ಹಾಳಿ ಬರಿ!" ಎಂದೆ.

ಓದಿ ಮುಗಿಸಿ, ಪೆನ್ನಿನ ಟೊಪ್ಪಿಗೆ ತೆಗೆದಳು, ಮತ್ತೆ ಹಾಕಿದಳು.

"ಯಾಕ, ತಪ್ಪಿಲ್ಲೇನು?"

"ಬಾಳ ಅದಾವ ಆಯಿ. ಆದರ ಇವರ ಮನ್ಯಾಗೂ ಯಾರರೆ ದಿನಾ ಹಾದಿ ನೋಡಾಕತ್ತಿರ್ತಾರಲ್ಲ?"

ಬರೆದದ್ದನ್ನು ನನ್ನ ಹತ್ತಿರ ಕೂತು ಓದಿದಳು. "ಎಲ್ಲಿ ಮಾತು ಮನಸಿಗೆ ಚುಚ್ಚತೈತಿ, ಅಲ್ಲಿ ತಡೀ" ಅಂದಳು. ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಆದರೂ ಎರಡು ಕಡೆ ಅವಳ ಕೈ ಹಿಡಿದೆ. "ಇಲ್ಲಿ ತುಸು ಮೆತ್ತಗ ಹೇಳವ್ವಾ."

ಕೇಳಿದ ಕೂಡಲೇ ಹೊಡೆದುಹಾಕಿ, ಮೆತ್ತಗೆ ಬರೆದಳು. ತಪ್ಪು ಮಾತ್ರ ಒಂದನ್ನೂ ಬಿಡಲಿಲ್ಲ.