ಅಂಬಲಿ ಗಾಡಿ, ಚೀನಿ ಗಾಡಿ

ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ಇಟ್ಟವರು ನಗುವಿಗಾಗಿ ಎಲ್ಲೂ ಹುಡುಕಿಕೊಂಡು ಹೋಗಬೇಕಿಲ್ಲ, ಬಸ್ಸಿಗಿಂತ ಸರಿಯಾದ ಹೊತ್ತಿಗೆ ಅದೇ ಬರುತ್ತದೆ. ಹಿಂದೂಪುರದಲ್ಲಿ ನನ್ನದು ರಾಗಿ ಅಂಬಲಿ ಗಾಡಿ. ಪಕ್ಕದಲ್ಲಿ ಕಲ್ಯಾಣದುರ್ಗದವನೊಬ್ಬ ಚೀನಿ ಜ್ಯೂಸ್ ಮಾರುತ್ತಿದ್ದ. ಮೋಸಂಬಿಗೆ ನಮ್ಮ ಕಡೆ ಚೀನಿ ಅನ್ನುವುದು. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನಗು ಬಂದಾಗ ನಾನು ಇವತ್ತಿಗೂ ಆ ಕಡೆ ತಿರುಗುತ್ತೇನೆ, ಬೇಜಾರಾಗುತ್ತದೆ.

ಬೋರ್ಡು

ನಾನು ‘ಮೂಳೆಗೆ ಬಲ, ರಾಗಿ’ ಎಂದು ಬೋರ್ಡು ಬರೆಸಿದೆ. ಮಾರನೆಯ ಬೆಳಿಗ್ಗೆ ಅವನದು ‘ನೆಗಡಿಗೆ ವೈರಿ, ಚೀನಿ’. ನಾನು ಸುಣ್ಣದಂಶ ಅಂದರೆ ಅವನು ವಿಟಮಿನ್ ಸಿ ಅನ್ನುವನು. ಲೇಪಾಕ್ಷಿಯ ಮೇಷ್ಟ್ರೊಬ್ಬರು ಇಬ್ಬರ ವಾದವನ್ನೂ ಕೈಕಟ್ಟಿ ಕೇಳಿದರು.

“ರಾಗೀಲಿ ವಿಟಮಿನ್ ಸಿ ಐತೇನಮ್ಮ?”

“ಇಲ್ಲ ಸಾರ್.”

“ಚೀನೀಲಿ ರಾಗಿಯಷ್ಟು ಸುಣ್ಣ ಐತೇನಪ್ಪ?”

“ಇಲ್ಲ ಸಾರ್.”

“ಎಲ್ಡರಾಗೂ ಕೊರತೆ ಐತೆ,” ಎಂದು ಎದುರಿನ ಅಂಗಡಿಗೆ ಹೋಗಿ ಟೀ ಕುಡಿದರು.

ರಕ್ತ ಕಮ್ಮಿ

ಬಸುರಿ ಸೊಸೆಯನ್ನು ಕರೆದುಕೊಂಡು ಬಂದ ಅತ್ತೆಯೊಬ್ಬಳು, “ಆಸ್ಪತ್ರೇಲಿ ರಕ್ತ ಕಮ್ಮಿ ಅಂದವ್ರೆ. ಏದಿ ಮಂಚಿದಿ?” ಎಂದಳು. ಯಾವುದು ಒಳ್ಳೆಯದು ಎಂದು ಕೇಳಿದರೆ ನಾವು ಸುಮ್ಮನಿರುತ್ತೇವೆಯೇ? ನಮ್ಮ ಕಿತ್ತಾಟ ನೋಡಲು ಜನ ಸೇರಿದರು, ನಿಂತು ನಿಂತು ಬಾಯಾರಿ ಎರಡೂ ಗಾಡಿಯಲ್ಲಿ ಕುಡಿದರು. ಅಷ್ಟರಲ್ಲಿ ಬಸ್ಸಿಗೆ ಬಂದ ನರ್ಸಮ್ಮ, “ಕಬ್ಬಿಣ ರಾಗೀಲಿ ಐತೆ. ಅದು ಮೈಗೆ ಹತ್ತೋಕೆ ಚೀನಿ ಒಳ್ಳೇದು. ಎಲ್ಡೂ ಕುಡಿಯಮ್ಮ, ಗುಳಿಗೇನೂ ಬಿಡಬೇಡ,” ಎಂದರು.

ಜನ ಚದುರಿದರು. ಅವನು ನನ್ನ ಹತ್ತಿರ ಬಂದು ಪಿಸುಗುಟ್ಟಿದ: “ಅಕ್ಕ, ನರ್ಸಮ್ಮನ ಮಾತು ಯಾರ್ಗೂ ಹೇಳ್ಬೇಡ. ನಾವು ರಾಜಿ ಆಗ್ಬುಟ್ರೆ ಯಾರು ನಿಂತು ನೋಡ್ತಾರೆ?”

ರಾಗಿ ಗೆದ್ದ ದಿನ

ಊರಲ್ಲಿದ್ದ ಅವ್ವನಿಗೆ ಕೈಲಾಗದಂತಾಗಿ ಅವನು ಕಲ್ಯಾಣದುರ್ಗಕ್ಕೆ ಹೊರಟ. ಹೋಗಬೇಡ ಎನ್ನುವಂತಿರಲಿಲ್ಲ, ಚೆನ್ನಾಗಿರಪ್ಪ ಎಂದಾದರೂ ಅನ್ನಬಹುದಿತ್ತು. ಅದನ್ನೂ ಬಿಟ್ಟು ರೂಢಿಯಂತೆ ಜಗಳವಾಡಿಯೇ ಕಳಿಸಿದೆ. ಇನ್ನು ಪೈಪೋಟಿ ಇಲ್ಲವಲ್ಲ ಎಂದು ಮಾರನೆಯ ದಿನ ಒಂದು ಪಾತ್ರೆ ಹೆಚ್ಚಿಗೆ ಕಾಯಿಸಿದೆ. ಎದುರಾಡುವವರಿಲ್ಲದೆ ನನ್ನ ಬಾಯೂ ಏಳಲಿಲ್ಲ, ಜನವೂ ನಿಲ್ಲಲಿಲ್ಲ. ಸಂಜೆ ಆ ಪಾತ್ರೆಯನ್ನು ಪೂರ್ತಿ ಬೀದಿಯ ಎಮ್ಮೆ ಕುಡಿಯಿತು, ಅದೂ ಒಂದು ಮಾತಾಡದೆ.

ಕಲ್ಯಾಣದುರ್ಗ

ನೆಂಟರ ಮದುವೆಗೆ ಕಲ್ಯಾಣದುರ್ಗಕ್ಕೆ ಹೋದೆ. ಬಸ್ಸಿಳಿದರೆ ನನ್ನ ಮಾತೇ ನನಗೆ ಕೇಳಿಸಿತು: “ಮೂಳೆಗೆ ಬಲ ಕಣಪ್ಪ, ರಾಗಿ.” ಕೂಗುತ್ತಿದ್ದವನು ಅವನೇ. ಗಾಡಿಯಲ್ಲಿ ಅಂಬಲಿ.

“ಇದೇನ್ಲಾ?”

“ಇಲ್ಲಿ ಎಲ್ರ ತೋಟದಾಗೂ ಚೀನಿ ಐತಕ್ಕ, ಕೊಂಡು ಯಾರು ಕುಡೀತಾರೆ? ನಿನ್ ಮಾತೆಲ್ಲ ಬಾಯಿಪಾಠ ಆಗಿತ್ತು, ಅದ್ನೇ ಕೂಗ್ತೀನಿ. ಆದ್ರೂ ಒಬ್ರೂ ನಿಲ್ಲಲ್ಲ.”

ಪಾತ್ರೆ ತುಂಬಿಯೇ ಇತ್ತು, ಅವನ ಮುಖ ಬಾಡಿತ್ತು. ಸೆರಗು ಸಿಕ್ಕಿಸಿ ಗಾಡಿಯ ಮುಂದೆ ನಿಂತು, ಅವನ ಹಳೆಯ ಚೀನಿ ವಾದವನ್ನೇ ಎತ್ತಿ ಗಟ್ಟಿಯಾಗಿ ಕೇಳಿದೆ: “ನಿನ್ ರಾಗೀಲಿ ವಿಟಮಿನ್ ಸಿ ಎಲ್ಲೈತೋ?”

ಅವನ ಕಣ್ಣು ಅರಳಿತು. “ನಿನ್ ಚೀನೀಲಿ ಸುಣ್ಣ ಎಲ್ಲೈತಮ್ಮೋ?”

ಜನ ಸೇರಿದರು. ಅಲ್ಲಿ ಮದುವೆ ಊಟ ಮುಗಿಯುವಷ್ಟರಲ್ಲಿ ಇಲ್ಲಿ ಪಾತ್ರೆ ಖಾಲಿ.

“ನಾಳೇನೂ ಬತ್ತೀಯಾ ಅಕ್ಕ?” ಎಂದ.

“ನಾನು ಬಂದು ನಿನ್ ರಾಗೀನ ಬಯ್ತೀನಿ ಕಣಪ್ಪ,” ಎಂದೆ. “ಹಿಂದೂಪುರದಾಗೆ ನನ್ ರಾಗೀನ ಬಯ್ಯೋರು ಯಾರವ್ರೆ?”