ಫಿರಂಗಿ ತಾತ ಫೋನ್ ಎತ್ತಿದ್ದು

ಮಾಜಿ ಸೈನಿಕರ ಕಲ್ಯಾಣ ಕಚೇರಿಯಿಂದ ಮೂರು ಸಲ ಫೋನ್ ಹೋದರೂ ಫಿರಂಗಿ ತಾತ ಎತ್ತಲಿಲ್ಲ. ಎಲ್ಲ ರಗಳೆಗೂ ಅದೇ ಮೂಲ. ‘ಅರ್ಜಿದಾರರು ಸ್ಪಂದಿಸಲಿಲ್ಲ’ ಎಂದು ಬರೆದು ಗುಮಾಸ್ತ ಅರ್ಜಿಯನ್ನು ಮುಚ್ಚಿಬಿಟ್ಟ. ಅದು ಯಾತರ ಅರ್ಜಿ ಎಂದು ಓದಲು ಪುರುಸೊತ್ತಾದರೂ ಎಲ್ಲಿತ್ತು?

ಹಾಗೆಂದು ಬರೆದ ಕಾಗದ ಕೈಸೇರಿದ ಮರುದಿನ ಬಾಗಿಲು ತೆರೆಯುವ ಮೊದಲೇ ತಾತ, ಅಜ್ಜಿ ಇಬ್ಬರೂ ಕೌಂಟರಿನ ಮುಂದೆ ಹಾಜರ್.

“ಫಿರಂಗಿ ಪಕ್ಕ ನಿಂತೂ ನಿಂತೂ ಕಿವಿ ಕಳ್ಕೊಂಡೋರು ಇವರು,” ಎಂದರು ಅಜ್ಜಿ. “ಕಿವಿ ಕೇಳಲ್ಲ, ಪರಿಹಾರ ಕೊಡಿ ಅಂತ ಅರ್ಜಿ ಹಾಕಿದ್ರೆ, ನಾನು ಮನೇಲಿಲ್ಲದಾಗ ಫೋನ್ ಮಾಡಿ, ಎತ್ತಲಿಲ್ಲ ಅಂತ ಮುಚ್ಚಿದೀರಲ್ಲ! ಮುಚ್ಚಿದೋನಿಗೆ ಕಣ್ಣು ಕಾಣಲ್ವಾ?”

ಮುಚ್ಚಿದವನು ಈಚೆ ಕುಳಿತು ಬೆವರೊರೆಸಿಕೊಂಡ. ತಾತ ಮಾತ್ರ ನಗುತ್ತ, “ನಮಸ್ಕಾರ ಸಾರ್!” ಎಂದು ಗುಂಡು ಹಾರಿಸಿದಂತೆ ಕೂಗಿದರು. ಸಾಲಿನಲ್ಲಿದ್ದವರೆಲ್ಲ ಬೆಚ್ಚಿಬಿದ್ದರು.

ಗುಮಾಸ್ತನಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟು ಆರುವ ಮೊದಲೇ ಸಾಹೇಬರ ಕೋಣೆಗೆ ನುಗ್ಗಿದ.

“ಮತ್ತೆ ತೆರೀಬೇಕಾದ್ರೆ ಅರ್ಜಿದಾರನೇ ಫೋನಲ್ಲಿ ಒಪ್ಪಿಗೆ ಹೇಳ್ಬೇಕು,” ಎಂದರು ಸಾಹೇಬರು ತಲೆ ಎತ್ತದೆ. “ಹೆಂಡತಿ ಹೇಳಿದ್ರೆ ನಡಿಯಲ್ಲ.”

“ಸಾರ್, ಅವರಿಗೆ ಕಿವಿ ಕೇಳಲ್ಲ! ಹೊರಗೇ ನಿಂತಿದಾರೆ, ಒಂದ್ಸಲ ಬಂದು ನೋಡಿ.”

“ನಿಂತೋರ್ನೆಲ್ಲ ನೋಡ್ತಾ ಕೂತ್ರೆ ಅರ್ಜಿ ಮುಚ್ಚೋ ಟಾರ್ಗೆಟ್ ಯಾರ್ರೀ ಮುಗಿಸ್ತಾರೆ? ಈ ತಿಂಗಳು ನಾವೇ ಎಲ್ಲರಿಗಿಂತ ಹಿಂದೆ. ಅಷ್ಟು ಕರುಣೆ ಉಕ್ಕಿದ್ರೆ ರಜೆ ಹಾಕಿ ತೋರಿಸ್ರೀ!”

ಗುಮಾಸ್ತ ನಿಜಕ್ಕೂ ಅರ್ಧ ದಿನದ ರಜೆ ಬರೆದು ಸಾಹೇಬರ ಮೇಜಿನ ಮೇಲೆ ಕುಕ್ಕಿದ. ಅರ್ಜಿಯಲ್ಲಿದ್ದದ್ದು ಮನೆಯ ಫೋನಿನ ನಂಬರು. ಊಟವಾದ ಮೇಲೆ ಅಲ್ಲಿಗೆ ಫೋನ್ ಮಾಡುವಂತೆ ಫೋನ್ ವಿಭಾಗದ ಮೇಡಂಗೆ ಹೇಳಿ, ಮುದುಕರಿಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಹೊರಟ.

ಮನೆಯಲ್ಲಿ ತಾಲೀಮು ಶುರುವಾಯಿತು. ಗುಮಾಸ್ತ ಫೋನಿಗೆ ಕಿವಿಯಾನಿಸಿ ಕೂರುವುದು, ಭುಜಕ್ಕೆ ಒಂದು ತಟ್ಟಿದರೆ ತಾತ ಹೆಸರು ಹೇಳುವುದು, ಎರಡು ತಟ್ಟಿದರೆ ದಳ, ಹಿಂಡಿದರೆ “ಒಪ್ಪಿಗೆ ಇದೆ!” ಅಜ್ಜಿ ಕೈಸನ್ನೆಯಲ್ಲಿ ಎಲ್ಲ ಕಲಿಸಿದರು. ಪಕ್ಕದ ಮನೆಯ ದರ್ಜಿ ಹೊಲಿಗೆ ಬಿಟ್ಟು ಓಡಿಬಂದ.

“ಹೂ ಸವರಿದ ಹಾಗೆ ತಟ್ತೀರಲ್ಲ ಸ್ವಾಮಿ! ಹೀಗೆ!” ಎಂದು ತಾತನ ಬೆನ್ನಿಗೆ ಎರಡು ಬಾರಿಸಿದ.

“ಫಿರಂಗಿ ದಳ!” ಎಂದು ತಾತ ಗುಡುಗಿದರು.

ಅಷ್ಟರಲ್ಲಿ ಫೋನ್ ಬಂತು. ಗುಮಾಸ್ತ ಗಾಬರಿಯಲ್ಲಿ ತಟ್ಟಿದ, ತಟ್ಟಿದ, ಹಿಂಡಿದ. ತಾತ ಹೆಸರು, ದಳ, ಒಪ್ಪಿಗೆ ಮೂರನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಆ ಕಡೆ ಇದ್ದದ್ದು ಅಜ್ಜಿಯ ತಂಗಿ.

“ಭಾವನಿಗೆ ಏನಾಗಿದೆ? ಯಾತಕ್ಕೆ ಒಪ್ಪಿಗೆ? ಮೊದಲು ಅಕ್ಕನಿಗೆ ಕೊಡಿ!”

ಅವರನ್ನು ಸಮಾಧಾನ ಮಾಡಿ ಫೋನ್ ಇಡಿಸುವಷ್ಟರಲ್ಲಿ ಗುಮಾಸ್ತನಿಗೆ ಸಾಕುಬೇಕಾಯಿತು. ಇಟ್ಟ ಮರುಕ್ಷಣವೇ ಮತ್ತೆ ಗಂಟೆ. ಈ ಸಲ ಮೇಡಂ. ಒಂದು ತಟ್ಟಿದ, ಹೆಸರು. ಎರಡು ತಟ್ಟಿದ, ದಳ. ಹಿಂಡಿದ. “ಒಪ್ಪಿಗೆ ಇದೆ!”

ಒಂದಕ್ಷರ ತಪ್ಪಲಿಲ್ಲ. ದರ್ಜಿ ಕುಣಿದಾಡಿದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, “ನೂರು ಕಾಲ ಬಾಳಪ್ಪ,” ಎಂದರು. ಗುಮಾಸ್ತ ಹೊರಗೆ ಜಗಲಿಗೆ ಬಂದು ತನ್ನ ಮೊಬೈಲಿನಿಂದ ಮೇಡಂಗೆ ಫೋನ್ ಮಾಡಿದ.

“ಅರ್ಜಿ ತೆರೆದ್ರಾ ಮೇಡಂ?”

“ತೆರೆದದ್ದೂ ಆಯ್ತು, ಮುಚ್ಚಿದ್ದೂ ಆಯ್ತು ಸಾರ್! ತಾತನ ಕಿವಿ ನನ್ನ ಕಿವಿಗಿಂತ ಚುರುಕು. ಕೇಳಿದ್ದಕ್ಕೆಲ್ಲ ಥಟ್ಟಂತ ಉತ್ತರ! ಕಿವುಡುತನ ಇಲ್ಲ ಅಂತ ಬರೆದು ತಿರಸ್ಕಾರ ಮಾಡ್ದೆ. ನಿಮ್ಮಿಂದ ಇವತ್ತಿನ ಟಾರ್ಗೆಟ್ ಮುಗೀತು. ಸಾಹೇಬ್ರು ಭಾರಿ ಖುಷಿಯಾಗಿದಾರೆ.”

“ಅಯ್ಯೋ, ಅವರಿಗೆ ಏನೂ ಕೇಳಿಸಿಲ್ಲ ಕಣ್ರೀ! ನಾನು ಪಕ್ಕದಲ್ಲಿ ಕೂತು ಹೇಳಿಸಿದ್ದು!”

ಮೇಡಂ ದನಿ ತಗ್ಗಿಸಿದರು. “ಅದಕ್ಕೆ ಮೋಸ ಅಂತಾರೆ ಸಾರ್. ಅದನ್ನೂ ಬರೀಲಾ? ತಾತನ ಮೇಲೆ ಕೇಸಾಗುತ್ತೆ.”

ಗುಮಾಸ್ತ ಹಲ್ಲು ಕಚ್ಚಿ ಫೋನ್ ಇಟ್ಟ. ತಾತ ಜಗಲಿಗೆ ಬಂದು ಅವನ ತೋಳು ಜಗ್ಗಿದರು. “ಏನಂದ್ರು ಸಾರ್?”

ಗುಮಾಸ್ತ ಅವರ ಕಿವಿಗೆ ಬಾಯಿಟ್ಟು ಮೆಲ್ಲಗೆ ಹೇಳಿದ. ಜೋರಾಗಿ ಹೇಳುವ ಮುಖ ಅವನಿಗಿರಲಿಲ್ಲ.

“ಕೇಳಿಸ್ಲಿಲ್ಲ!”

ಬೆಳಗಿನಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಗಂಟಲಿಗೆ ಬಂತು. “ನಿಮಗೆ ಕಿವಿ ಚೆನ್ನಾಗಿ ಕೇಳ್ಸುತ್ತಂತೆ!” ಎಂದು ಕಿರುಚಿದ.

ಬೀದಿಯ ಕಿಟಕಿಗಳೆಲ್ಲ ತೆರೆದವು. ತಾತ ನಗುತ್ತಲೇ ಕಿವಿಗೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದರು.

“ಇನ್ನೂ ಸ್ವಲ್ಪ ಜೋರಾಗಿ, ಸಾರ್!”