ಹುಲ್ಲು ಕತ್ತರಿಸುವ ರೋಬಾಟಿಗೆ ಹೊಸ ಬುದ್ಧಿ

ಮಿಷನ್ನಿಗೆ ಬುದ್ಧಿ ಕಲಿಸಲು ಹೋದರೆ ಇಂಥದ್ದು ಆಗುತ್ತಲೇ ಇರುತ್ತದೆ.

ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ ಫ್ಯಾಕ್ಟರಿಯಿಂದ ರಿಟೈರ್ ಆದ ಮೇಲೆ, ಹುಲ್ಲು ಕತ್ತರಿಸುವ ಹಳೆಯ ರೋಬಾಟ್ ಒಂದನ್ನು ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ತಂದೆ. ಗೋಡೆಗೆ ಗುದ್ದಿ ತಿರುಗುವುದಷ್ಟೇ ಅದಕ್ಕೆ ಗೊತ್ತಿತ್ತು. ಒಳಗಿನ ಬೋರ್ಡ್ ಕಿತ್ತೆ. ಸಣ್ಣ ಕಂಪ್ಯೂಟರ್, ಕ್ಯಾಮೆರಾ, ಜಿಪಿಎಸ್ ಕೂರಿಸಿದೆ. ಪುಕ್ಕಟೆ ಸಿಗುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕಿದೆ.

“ತರಲೆ ಮಾಡಿದರೆ ಕಸದ ಲಾರಿಗೆ ಹಾಕ್ತೀನಿ,” ಎಂದಳು ಹೆಂಡತಿ.

ಮೆಂತ್ಯ

ಮೋಟರಿನ ವೈರು ಅದಲುಬದಲಾಗಿತ್ತು. ಮುಂದೆ ಹೋಗು ಅಂದರೆ ಹಿಂದೆ ಹೋಯಿತು. ಹಿಂದೆ ಅವಳ ಮೆಂತ್ಯದ ಪಾತಿ.

ಬಂದು ನೋಡಿದಳು. “ಎಷ್ಟು ಸಣ್ಣಗೆ ಹೆಚ್ಚಿದೆ! ನೀವು ಒಂದು ದಿನ ಹೀಗೆ ಹೆಚ್ಚಿದ್ದುಂಟಾ? ಈ ಸಲ ಬಿಟ್ಟಿದೀನಿ.”

ರಾತ್ರಿ ಮೆಂತ್ಯ ಬಾತ್. ಅರ್ಧ ಹುಲ್ಲು.

ಪೂಜೆ

“ಪೂಜೆ ಮಾಡದೆ ಓಡಿಸಿದ್ರಿ. ಅದಕ್ಕೇ ಹಾಗಾಯ್ತು,” ಎಂದು ಅವಳೇ ಪೂಜೆ ಮಾಡಿದಳು. ಕ್ಯಾಮೆರಾ ಕಣ್ಣಿಗೆ ಕುಂಕುಮ. ಚಕ್ರಗಳ ಕೆಳಗೆ ನಿಂಬೆಹಣ್ಣು. ಮಿಷನ್ ಅಲ್ಲಾಡಲಿಲ್ಲ. ಎದುರಿಗೆ ಏನೋ ಅಡ್ಡ ಇದೆ ಎಂದಿತು.

ಆ ಸಾಫ್ಟ್‌ವೇರ್ ಬಳಸುವವರ ಆನ್‌ಲೈನ್ ಗುಂಪಿಗೆ ಫೋಟೋ ಹಾಕಿ ಕೇಳಿದೆ. ಯಾವನೋ ಬರೆದ: “ಚಕ್ರದ ಕೆಳಗಿರುವ ಹಳದಿ ಸೆನ್ಸರ್ ಯಾವುದು?”

ನಿಂಬೆಹಣ್ಣು ಎಂದೆ.

“ಯಾವ ಮಾಡೆಲ್?”

ಗಡಿ

ನಮ್ಮ ಬಡಾವಣೆಯಲ್ಲಿ ಮನೆಗಳ ನಡುವೆ ಬೇಲಿ ಇಲ್ಲ. ಗಡಿ ಎಲ್ಲಿದೆ ಎಂದು ಮಿಷನ್ನಿಗೆ ಕಲಿಸಬೇಕು. ರಿಮೋಟ್ ಹಿಡಿದು ಅದನ್ನು ಅಂಚಿನಲ್ಲಿ ಒಂದು ಸುತ್ತು ನಡೆಸಿದರೆ ಸಾಕು, ದಾರಿ ನೆನಪಿಟ್ಟುಕೊಳ್ಳುತ್ತದೆ.

ಅರ್ಧ ಸುತ್ತಿಗೆ ಪಕ್ಕದ ಮನೆಯ ಹುಬ್ಬಳ್ಳಿ ಹುಡುಗ ಕರೆದ. “ಅಂಕಲ್, ಚಾ ಆಗೈತ್ರಿ. ಬರ್ರಿ.”

ಡಾಕ್ಟರು ನನಗೆ ಸಕ್ಕರೆ ನಿಲ್ಲಿಸಿದ್ದಾರೆ. ಮನೆಯಲ್ಲಿ ಅದನ್ನು ಜಾರಿಗೆ ತಂದವಳು ಹೆಂಡತಿ. ಪಕ್ಕದ ಮನೆಯಲ್ಲಿ ಆ ಕಾನೂನಿಲ್ಲ. ಹೋದೆ. ರಿಮೋಟ್ ಕೈಯಲ್ಲೇ ಇತ್ತು. ಮಿಷನ್ನೂ ಜೊತೆಗೆ ಬಂತು. ಕುಡಿದು ವಾಪಸು ಬಂದು ಸುತ್ತು ಮುಗಿಸಿದೆ.

ಮರುದಿನ ಬೆಳಿಗ್ಗೆ ಮಿಷನ್ ಗಡಿ ದಾಟಿತು. ಪಕ್ಕದವರ ಹುಲ್ಲಿನಲ್ಲಿ ನೇರ ಗೆರೆ ಕತ್ತರಿಸುತ್ತಾ ಅವರ ಹಿಂಬಾಗಿಲಿಗೆ ಹೋಗಿ ನಿಂತಿತು. ಕಸದ ಲಾರಿ ಬರುವ ದಿನ ಬೇರೆ. ಹೆಂಡತಿ ಹಿಡಿಯಲು ಓಡಿದಳು.

ಹುಡುಗ ಬಾಗಿಲು ತೆಗೆದ. “ಬರ್ರಿ ಆಂಟಿ. ಅಂಕಲ್ ಎಲ್ಲಿ? ದಿನಾ ಇಷ್ಟೊತ್ತಿಗೆ ಬರ್ತಾರ. ಎರಡು ಚಮಚ ಸಕ್ಕರಿ ಹಾಕಿ ಇಟ್ಟೇನಿ.”

ಮಿಷನ್ನನ್ನು ಎತ್ತಿಕೊಂಡು ಬಂದಳು. ಬಟ್ಟೆಯಿಂದ ಒರೆಸಿದಳು.

“ಲಾರಿಗೆ ಹಾಕಲ್ವಾ?” ಎಂದೆ.

“ಯಾಕೆ? ಈ ಮನೇಲಿ ನಿಜ ಹೇಳೋದು ಇದೊಂದೇ. ಇನ್ನೊಂದು ಜಿಪಿಎಸ್ ತರಿಸಿ.”

“ಅದಕ್ಕೆ ಒಂದು ಸಾಕು.”

“ಅದಕ್ಕಲ್ಲ.”